ತಂಗಿಯ ಪಟ್ಟಿ ತಿದ್ದಲು ಮಂಡ್ಯಕ್ಕೆ

ಕಿರುಗಾವಲಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸು ಹತ್ತಿದೆವು, ನಾನು ಮತ್ತು ತಂಗಿ ಸವಿತಾ. ಮಂಡ್ಯದ ಕಾಲೇಜಿನಿಂದ ಅವಳ ಅಂಕಪಟ್ಟಿ ತರಬೇಕಿತ್ತು. ಡಾಕ್ಟರ್ ಓದಿಗೆ ಆರಿಸಿದ ಕಾಲೇಜುಗಳ ಪಟ್ಟಿ ತಿದ್ದಲು ಅಂದು ಸಂಜೆ ಐದೇ ಕೊನೆ. ತಿದ್ದುವುದು ಏನೂ ಇಲ್ಲವೆಂದು ಅವಳು ನಿಶ್ಚಿಂತೆಯಾಗಿದ್ದಳು.

ಹಿಂದಿನ ವಾರ ಅವಳಿಗೆ ಜ್ವರ. ಮೂರು ಕಾಲೇಜುಗಳ ಹೆಸರನ್ನು ತನಗೆ ಬೇಕಾದ ಕ್ರಮದಲ್ಲಿ ಚೀಟಿಯಲ್ಲಿ ಬರೆದು, ಪಟ್ಟಿ ತುಂಬಿಸಲು ನನ್ನನ್ನು ಮಳವಳ್ಳಿಯ ಸೈಬರ್ ಅಂಗಡಿಗೆ ಕಳಿಸಿದ್ದಳು. ಮೊದಲನೆಯ ಕಾಲೇಜಿನಲ್ಲಿ ವಿದ್ಯಾರ್ಥಿಗಳೂ ಸಂಶೋಧನೆ ಮಾಡಬೇಕು. ಎರಡನೆಯದರಲ್ಲಿ ಪಾಠ ಕಡಿಮೆ. ರೋಗಿಯ ತೊಂದರೆ ಹೇಳಿ ಅಷ್ಟಕ್ಕೇ ಬಿಡುತ್ತಾರೆ, ಹುಡುಗರೇ ಹುಡುಕಿ ಓದಬೇಕು. ಮೂರನೆಯದರಲ್ಲಿ ಗಂಟೆಗೊಂದು ಪಾಠ, ವಾರಕ್ಕೊಂದು ಪರೀಕ್ಷೆ. ಪಟ್ಟಿಯಲ್ಲಿ ಮೇಲಿನದು ಸಿಕ್ಕರೆ ಕೆಳಗಿನವು ಹೋದಂತೆ. ನಾನು ಮೂರನೆಯದನ್ನೇ ಮೇಲೆ ಹಾಕಿಸಿದೆ. ಅವಳು ಕೇಳಿದಾಗ, ನೀನು ಬರೆದ ಹಾಗೇ ಆಯಿತು ಎಂದೆ.

ಮಳವಳ್ಳಿಯಲ್ಲಿ ಮಂಡ್ಯದ ನೇರ ಬಸ್ಸು ತಪ್ಪಿತು. ಸುಡುವ ಬಿಸಿಲು. ಮದ್ದೂರಿನ ಮೇಲೆ ಸುತ್ತಿ ಹೋಗಬೇಕಾಯಿತು. ಅಲ್ಲಿಗೆ ನನ್ನದು ಮೂವತ್ತೈದು ರೂಪಾಯಿ, ಅವಳದು ಹೆಂಗಸರ ಉಚಿತ ಟಿಕೆಟ್. ಕಬ್ಬು ಕಡಿಯುವವರಿಗೆ ಕಿಡ್ನಿ ಯಾಕೆ ಕೆಡುತ್ತದೆ ಎಂದು ಹುಡುಕುವ ಆಸೆಯನ್ನು ದಾರಿಯುದ್ದಕ್ಕೂ ಹೇಳಿದಳು. ಮದ್ದೂರಿನಲ್ಲಿ ತರಿಸಿದ ಇಡ್ಲಿಯನ್ನು ಅವಳ ಕಡೆಗೇ ಸರಿಸಿದೆ.

"ಯಾಕಣ್ಣ, ಎಣ್ಣು ನೋಡಕ್ ಬಂದೋನಂಗೆ ಬೆವರ್ತಿದ್ದೀಯ?" ಎಂದು ನಕ್ಕಳು.

ಅಲ್ಲಿಂದ ಮಂಡ್ಯದ ಬಸ್ಸು ಹಿಡಿದೆವು. ದಾರಿಯ ಗೆಜ್ಜಲಗೆರೆಯಲ್ಲಿ ಪಾಳಿ ಮುಗಿಸಿದ ಕಾರ್ಖಾನೆಯವರು ನುಗ್ಗಿದರು. ಬಸ್ಸು ಕದಲಲಿಲ್ಲ. ಮೂರೂವರೆ ಆಗಿತ್ತು. ಆ ನೂಕಾಟದಲ್ಲೇ ಅವಳ ಕಿವಿಯ ಹತ್ತಿರ ಬಗ್ಗಿ, ಪಟ್ಟಿಯ ಕ್ರಮ ಬದಲಿಸಿದ್ದನ್ನು ಹೇಳಿಬಿಟ್ಟೆ.

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಆಮೇಲೆ ಯಾಕೆ ಎಂದು ಕೇಳಿದಳು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿ, ನೀನೇ ಓದಿಕೋ ಎಂದು ಕೈಬಿಟ್ಟಿದ್ದನ್ನು ಹೇಳಿದೆ. ನನ್ನ ಓದು ಅಲ್ಲಿಗೇ ನಿಂತಿತ್ತು. ಹೇಳಿಕೊಡುವವರಿಲ್ಲದೆ ಇವಳೂ ಹಾಗಾದಾಳು ಎಂದು ಹೆದರಿದ್ದೆ.

"ನಿಂಗೆ ಆಗ್ನಿಲ್ಲ ಅಂತ ನಂಗೂ ಆಗಕಿಲ್ಲ ಅನ್ಕಂಡ್ಯಾ?" ಎಂದಳು. "ಒಂದ್ ಮಾತು ಕೇಳ್ಬೋದಿತ್ತಲ್ಲ."

ಮಂಡ್ಯ ಸೇರಿದಾಗ ನಾಲ್ಕು ದಾಟಿತ್ತು. ಬಸ್ ನಿಲ್ದಾಣದ ಹತ್ತಿರದ ಸೈಬರ್ ಅಂಗಡಿಯಲ್ಲಿ ಸಾಲು. ನೆಟ್ ಎಳೆದಾಡುತ್ತಿತ್ತು. ಒಟಿಪಿ ಬರುವುದು ನನ್ನ ಫೋನಿಗೆ. ಎರಡು ಸಲ ನಾನು ತಡವರಿಸಿ ಓದುವಷ್ಟರಲ್ಲಿ ಅವಧಿ ಮುಗಿಯಿತು. ಮೂರನೇ ಸಲ ಫೋನು ಕಿತ್ತುಕೊಂಡು ತಾನೇ ಓದಿದಳು. ಐದಕ್ಕೆ ಏಳು ನಿಮಿಷ ಇರುವಾಗ ಪಟ್ಟಿ ಅವಳ ಕ್ರಮಕ್ಕೆ ಬಂತು. ಪ್ರಿಂಟ್ ತೆಗೆಸಿ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನೋಡಿ, ತನ್ನ ಚೀಲಕ್ಕೆ ಹಾಕಿಕೊಂಡಳು. ಅಂಕಪಟ್ಟಿ ಕೊಡುವ ಕಚೇರಿ ಅಷ್ಟರಲ್ಲಿ ಮುಚ್ಚಿತ್ತು.

ಹಿಂದಿರುಗಲು ಮಳವಳ್ಳಿಯ ನೇರ ಬಸ್ಸು ಸಿಕ್ಕಿತು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಎರಡು ಸಾಲು ಹಿಂದೆ. ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ, ಜೊತೆಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ.

"ಯಾರೂ ಇಲ್ಲ. ಒಬ್ಳೇ."

ಅವನು ನನ್ನ ಬಳಿ ಬಂದಾಗ ಮಳವಳ್ಳಿಗೆ ಒಂದು ಟಿಕೆಟ್ ಕೇಳಿದೆ.