ಅಪಾಚೆ ಅಂಗಿಯ ಕಾಕ

ಮೊನ್ನೆ ಇಲ್ಲಿ ಗಲ್ಫಿನ ಬತ್ಹಾ ಬಜಾರಿನ ಫುಟ್‌ಪಾತಿನಲ್ಲಿ ಟೀ ಶರ್ಟುಗಳ ರಾಶಿ ಕೆದಕುತ್ತಿದ್ದಾಗ ಒಂದು ಕಪ್ಪು ಅಂಗಿ ಕೈಗೆ ಬಂತು. ಎದೆಯ ಮೇಲೆ, ಮೊಣಕಾಲೂರಿ ಕೋವಿ ಹಿಡಿದು ಕೂತ ಒಬ್ಬ ಮನುಷ್ಯನ ಹಳೇ ಫೋಟೋ. ಅಮೆರಿಕದ ಅಪಾಚೆ ಬುಡಕಟ್ಟಿನ ನಾಯಕ. ಅಂಗಿಯನ್ನು ಅಲ್ಲೇ ಬಿಸಾಕಿ ರೂಮಿಗೆ ಬಂದುಬಿಟ್ಟೆ. ಅವತ್ತಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಕಾಕನ ನೆನಪು ಬಿಡುತ್ತಿಲ್ಲ.

ನಾನಾಗ ಜುಬೈಲಿನ ಲೇಬರ್ ಕ್ಯಾಂಪಿನಲ್ಲಿ ಹಾಜರಿ ಬರೆಯುವ ಟೈಮ್‌ಕೀಪರ್. ಕಾಕ ಪಕ್ಕದ ರೂಮಿನವರು, ಉಳ್ಳಾಲದ ಕಡೆಯವರು. ಹಗಲು ಪ್ಲಾಂಟಿನ ಪೈಪುಗಳಿಗೆ ಇನ್ಸುಲೇಷನ್ ಸುತ್ತುವ ಕೆಲಸ, ಸಂಜೆ ಮಂಚದ ಪಕ್ಕದ ಹೊಲಿಗೆ ಮೆಷಿನ್ನಿನಲ್ಲಿ ಕ್ಯಾಂಪಿನವರ ಪ್ಯಾಂಟು ಗಿಡ್ಡ ಮಾಡುವ ಕೆಲಸ. ಊರಿಗೆ ಹೋದ ಅಮೆರಿಕನ್ ಇಂಜಿನಿಯರ್ ಒಬ್ಬ ಬಿಟ್ಟುಹೋದ ಇಂಥದೇ ಅಂಗಿ ಅವರಲ್ಲಿತ್ತು. ನಮಾಜಿಗೆ ಹೊರಟಾಗ ಮಾತ್ರ ಬದಲಿಸುತ್ತಿದ್ದರು, ಉಳಿದಂತೆ ಅದೇ.

"ಯಾರು ಮಾರಾಯ ಇವನು? ಇಡೀ ದಿನ ನನ್ನ ಎದೆ ಮೇಲೆ ಕೂತಿರ್ತಾನೆ, ಹೆಸರು ಗೊತ್ತಿಲ್ಲ. ನಿನ್ನ ಆಫೀಸಿನ ಕಂಪ್ಯೂಟರಲ್ಲಿ ನೋಡಿ ಹೇಳು" ಎಂದರು ಒಮ್ಮೆ.

ನೋಡಿ ಹೇಳಿದೆ. ಹೆಂಗಸರು ಮಕ್ಕಳೂ ಸೇರಿ ಮೂವತ್ತು ಚಿಲ್ಲರೆ ಜನರನ್ನು ಕಟ್ಟಿಕೊಂಡು ಬೆಟ್ಟಗಳಲ್ಲಿ ಅಡಗಿ, ಸಾವಿರಾರು ಸೈನಿಕರ ಕೈಗೆ ಸಿಗದೆ ಓಡಾಡಿದವನು. ಕೊನೆಗೆ, ನಿಮ್ಮ ನೆಲಕ್ಕೆ ವಾಪಸು ಕಳಿಸುತ್ತೇವೆ ಎಂಬ ಮಾತು ನಂಬಿ ಕೋವಿ ಕೆಳಗಿಟ್ಟ. ರೈಲು ಹತ್ತಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕೈದಿಯಾಗಿಯೇ ಬದುಕಿ ಸತ್ತ, ಊರು ಮಾತ್ರ ಮತ್ತೆ ಕಾಣಲಿಲ್ಲ. ಅವನನ್ನು ನೋಡಲು ಜನ ಮುಗಿಬೀಳುತ್ತಿದ್ದರಂತೆ. ಕೋಟಿನ ಗುಂಡಿ ಕಿತ್ತು ಮಾರಿ, ಬೇರೆ ಗುಂಡಿ ಹೊಲಿದುಕೊಳ್ಳುತ್ತಿದ್ದನಂತೆ. ಅದಕ್ಕೆ ಕಾಕ ಬಿದ್ದು ಬಿದ್ದು ನಕ್ಕರು. ವಿಮಾನದಿಂದ ಜಿಗಿಯುವ ಅಮೆರಿಕದ ಸೈನಿಕರು ಅವನ ಹೆಸರೇ ಕೂಗುತ್ತಾರೆ, ಹೆಲಿಕಾಪ್ಟರಿಗೂ ಅವನ ಜನರ ಹೆಸರು, ಸಿನಿಮಾಗಳಿಗಂತೂ ಲೆಕ್ಕವಿಲ್ಲ ಎಂದಾಗ ಮಾತ್ರ ಮುಖ ಕೆಂಪಾಯಿತು.

"ಹಿಡಿದು ಹಾಕಿದವರೇ ಹೆಸರು ಇಟ್ಕೊಳ್ಳೋದಾ? ಎಂತ, ನಾಚಿಕೆ ಇಲ್ವಾ ಅವರಿಗೆ?"

ಆ ವರ್ಷ ಕಾಕನ ಒಬ್ಬಳೇ ಮಗಳ ನಿಕಾಹ್ ಗೊತ್ತಾಗಿತ್ತು. ರಜೆಯೂ ಮಂಜೂರಾಗಿತ್ತು. ಅಷ್ಟರಲ್ಲಿ ಪ್ಲಾಂಟಿನ ರಿಪೇರಿಗೆಂದು ಶಟ್‌ಡೌನ್ ಬಂತು, ಕಂಪನಿ ಎಲ್ಲರ ರಜೆ ರದ್ದು ಮಾಡಿತು. ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿ. ಕಂಪನಿ ಕಾಗದ ಕೊಡದೆ ಆಗ ಯಾರೂ ದೇಶ ಬಿಡುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಕ ಪ್ಲಾಂಟಿಗೆ ಹೋಗುವ ಬಸ್ಸು ಹತ್ತಲಿಲ್ಲ. ಆ ಅಂಗಿ ಹಾಕಿಕೊಂಡು ಬಸ್ಸಿನ ಮುಂದೆ ನೆಲದ ಮೇಲೆ ಕೂತರು. ರಜೆ ಕಳೆದುಕೊಂಡ ಇಪ್ಪತ್ತು ಜನ ಬಂದು ಪಕ್ಕದಲ್ಲಿ ಕೂತರು. ಕೂಗಿಲ್ಲ, ಗಲಾಟೆಯಿಲ್ಲ. ಎರಡು ದಿನ ಹಾಗೆಯೇ ನಡೆಯಿತು. ಮೂರನೇ ದಿನ ಮ್ಯಾನೇಜರ್ ನನ್ನನ್ನು ಕರೆದು, "ನಿನ್ನ ಊರಿನವನಲ್ವಾ? ಹತ್ತಿಸು. ಇಲ್ಲದಿದ್ದರೆ ನೀನೂ ಅವರ ಜೊತೆ ಹೋಗು" ಎಂದ. ರಜೆಯ ಮಾತು ಅವನ ಬಾಯಲ್ಲಿ ಬರಲೇ ಇಲ್ಲ.

ನಾನು ಬಸ್ಸಿನ ಹತ್ತಿರ ಹೋದೆ. ನನ್ನ ಕೆಲಸದ ಹೆದರಿಕೆ... ಅವರಿಗೋಸ್ಕರ ಎಂದು ಈಗ ಹೇಳಿದರೆ ಬರೀ ಬೊಗಳೆ.

"ಕಾಕಾ, ಹತ್ತಿ. ಎರಡು ವಾರದಲ್ಲಿ ಕಾಗದ ಕೊಡ್ತಾರಂತೆ. ಮ್ಯಾನೇಜರೇ ಹೇಳಿದ್ದು, ನಾನು ಗ್ಯಾರಂಟಿ."

ಕಾಕ ನನ್ನ ಮುಖವನ್ನೇ ನೋಡಿದರು. "ಇವನಿಗೂ ಹಾಗೇ ಹೇಳಿದ್ದಲ್ವಾ?" ಎಂದು ಎದೆಯ ಚಿತ್ರ ಮುಟ್ಟಿ ತೋರಿಸಿದರು. ಆಮೇಲೆ, "ಹೇಳಿದ್ದು ನೀನಲ್ವಾ, ಆಯ್ತು" ಎಂದು ಪ್ಯಾಂಟಿನ ಮರಳು ಕೊಡವಿ ಎದ್ದರು. ಉಳಿದವರೂ ಎದ್ದರು.

ಕಾಗದ ಬರಲಿಲ್ಲ. ಶಟ್‌ಡೌನ್ ಮುಂದುವರಿಯಿತು. ನಿಕಾಹ್ ದಿನ ಕಾಕ ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೆ ಬಿಳಿ ಶರ್ಟು ಹಾಕಿ ಕೂತು, ಊರಿನಲ್ಲಿದ್ದ ತಮ್ಮನಿಗೆ ಫೋನಿನಲ್ಲೇ ಅಪ್ಪನ ಅಧಿಕಾರ ವಹಿಸಿಕೊಟ್ಟರು. "ನನ್ನ ಮಗಳ ನಿಕಾಹ್ ನೀನು ಮಾಡಿಕೊಡು." ನಾನು ಬಾಗಿಲ ಹೊರಗೆ ನಿಂತಿದ್ದೆ, ಒಳಗೆ ಹೋಗುವ ಮುಖ ನನಗಿರಲಿಲ್ಲ.

ಅವರೇ ಹೊರಗೆ ಬಂದರು. ಕೈಯಲ್ಲಿ ಖರ್ಜೂರದ ಡಬ್ಬ.

"ತಗೋ, ಬಾಯಿ ಸಿಹಿ ಮಾಡು. ಮುಖ ಯಾಕೆ ಹಾಗೆ ಮಾಡಿದ್ದಿ? ನಿಂದೆಂತ ತಪ್ಪು? ನಿನಗೂ ಮೋಸ ಮಾಡಿದ್ರು, ಪಾಪ."

ನಾನು ಖರ್ಜೂರ ತಿಂದೆ. "ಹೌದು ಕಾಕಾ" ಎಂದೆ.

ಮುಂದಿನ ವರ್ಷ ಅವರು ಕೆಲಸ ಪೂರಾ ಬಿಟ್ಟು ಊರಿಗೆ ಹೋದರು. ಪ್ರತಿ ಹಬ್ಬಕ್ಕೂ ಫೋನು ಮಾಡುತ್ತಿದ್ದರು, ಮೊಮ್ಮಗಳ ಫೋಟೋ ಕಳಿಸುತ್ತಿದ್ದರು. ಆ ಮಾತು ಮ್ಯಾನೇಜರ್ ಹೇಳಿದ್ದಲ್ಲ, ನಾನೇ ಕಟ್ಟಿದ್ದು ಎಂದು ಈ ಸಲ ಹೇಳಿಯೇಬಿಡಬೇಕು ಎಂದುಕೊಂಡು ಪ್ರತಿ ಸಲವೂ ಆರೋಗ್ಯ ವಿಚಾರಿಸಿ ಫೋನಿಟ್ಟೆ. ಹೋದ ರಂಜಾನಿಗೆ ಕಾಕ ತೀರಿಕೊಂಡರು. ನನ್ನಂಥ ಒಳ್ಳೆ ಹುಡುಗ ಇಡೀ ಕ್ಯಾಂಪಿನಲ್ಲಿ ಇನ್ನೊಬ್ಬ ಇರಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದರಂತೆ. ಅವರ ಮಗಳೇ ಫೋನು ಮಾಡಿ ಹೇಳಿದಳು, ಅಳುತ್ತಾ, ನನಗೆ ಥ್ಯಾಂಕ್ಸ್ ಹೇಳುತ್ತಾ.