ಉಮಾ ಮಾವಿನ ಮರ ಹತ್ತಿದ ದಿನ

ಕೇಣಿಯ ಉಮಾ ಮದುವೆಯಾಗಿ ಬಂದಾಗಿನಿಂದ ಮರದ ಬುಡದಲ್ಲಿ ನಿಂತವಳು. ಮೇಲೆ ಹತ್ತುತ್ತಿದ್ದವನು ಗಂಡ ಮಾಸ್ತಿ. ಅಂಕೋಲೆಯ ಸುತ್ತಲಿನ ಹಿತ್ತಲುಗಳಲ್ಲಿ ಹಣ್ಣು ಇಳಿಸುವುದು, ಮನೆಯ ಮೇಲೆ ಬಾಗಿದ ಮಾವಿನ ಕೊಂಬೆ ಕಡಿಯುವುದು ಅವರ ಕೆಲಸ. ಮಾಸ್ತಿ ಕೊಂಬೆಗೆ ಹಗ್ಗ ಬಿಗಿದು, ಅದನ್ನು ಮೇಲಿನ ಕವಲಿನಲ್ಲಿ ಹಾಯಿಸಿ ಕೆಳಗೆ ಬಿಡುತ್ತಿದ್ದ. ಉಮಾ ಆ ಹಗ್ಗವನ್ನು ಪಕ್ಕದ ತೆಂಗಿನ ಮರಕ್ಕೆ ಸುತ್ತು ಹಾಕಿ ಹಿಡಿಯುತ್ತಿದ್ದಳು. ಕಡಿದ ಕೊಂಬೆಯ ಭಾರ ಹಗ್ಗಕ್ಕೆ ಬಂದಾಗ ಎಷ್ಟು ಸಡಿಲ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಅವಳ ಅಂಗೈಗೆ ಗೊತ್ತಿತ್ತು. ಮೇಲಿನ ಕೆಲಸ ಗೊತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಬಾವಿಕಟ್ಟೆಯ ಮೇಲೆ ನಿಂತರೂ ಅವಳಿಗೆ ಕಾಲು ನಡುಗುತ್ತಿತ್ತು.

ಮಾಸ್ತಿ ಹಾಗಲ್ಲ. ಮರ ಎತ್ತರವಾದಷ್ಟೂ ಅವನಿಗೆ ಹುರುಪು. ಕೆಳಗೆ ನಾಲ್ಕು ಜನ ಕತ್ತೆತ್ತಿ ನೋಡುತ್ತಿದ್ದರೆ ಇನ್ನೂ ಒಂದು ಕವಲು ಮೇಲೆ ಹೋಗುತ್ತಿದ್ದ. ತನ್ನ ಸೊಂಟಕ್ಕೆ ಮಾತ್ರ ಎಂದೂ ಹಗ್ಗ ಕಟ್ಟಿಕೊಂಡವನಲ್ಲ.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಗುರುಪ್ರಸಾದ ಅವರನ್ನು ಕರೆಸಿದ. ಅವನು ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವನು. ಕೇಣಿ ರಸ್ತೆಯ ಪಕ್ಕದಲ್ಲಿ ಹಳೆಯ ಹೆಂಚಿನ ಮನೆ, ಮನೆಯಲ್ಲಿ ಅವನೂ ಅವನ ತಾಯಿಯೂ. ಅಡುಗೆಮನೆಯ ಹಿಂದೆ ಅಜ್ಜ ನೆಟ್ಟ ಕರಿ ಇಶಾಡ ಜಾತಿಯ ಮಾವಿನ ಮರ. ಸುತ್ತಲಿನ ತೆಂಗುಗಳ ನಡುವೆ ಬಿಸಿಲು ಹುಡುಕುತ್ತ ಅದು ನೇರ ಮೇಲಕ್ಕೆ ಓಡಿತ್ತು. ಮಾಡಿನ ಎತ್ತರದವರೆಗೂ ಒಂದೂ ಕೊಂಬೆಯಿಲ್ಲ. ಅಲ್ಲಿ ಒಂದು ದಪ್ಪ ಕೊಂಬೆ ಅಡ್ಡ ಹೊರಟು ಅಡುಗೆಮನೆಯ ಮೇಲೆ ಚಾಚಿಕೊಂಡಿತ್ತು. ಒಳ್ಳೆಯ ಹಣ್ಣುಗಳೆಲ್ಲ ಕೊಕ್ಕೆಗೆ ಎಟುಕದ ತುದಿಯಲ್ಲಿ ಬಿಟ್ಟು, ಹೆಂಚಿನ ಮೇಲೆ ಬಿದ್ದು ಒಡೆಯುತ್ತಿದ್ದವು. ಹಿಂದಿನ ಮಳೆಗಾಲದಲ್ಲಿ ಆ ಕೊಂಬೆಯ ತುದಿ ಮುರಿದು ಒಲೆಯ ಪಕ್ಕದಲ್ಲೇ ಬಿದ್ದಿತ್ತು. ಈ ಸಲ ಮಳೆ ಹಿಡಿಯುವ ಮೊದಲೇ ತೆಗೆಸಬೇಕು ಎಂದು ತಾಯಿ ಹಟ ಹಿಡಿದಿದ್ದರು.

ಕೆಲಸಕ್ಕೆ ನಿಂತಾಗಲೇ ಸಮುದ್ರದ ಕಡೆ ಆಕಾಶ ಕಪ್ಪಾಗಿತ್ತು. ಗಾಳಿ ಬಿಟ್ಟು ಬಿಟ್ಟು ಬೀಸುತ್ತಿತ್ತು.

"ತುದಿಯಿಂದ ತುಂಡು ತುಂಡು ಮಾಡಿ ತೆಗೀರಿ," ಎಂದಳು ಉಮಾ. "ಇಡೀ ಕೊಂಬೆ ಒಂದೇ ಸಲಕ್ಕೆ ಬೇಡ. ಭಾರ ಅದೆ."

"ತುಂಡು ಮಾಡ್ತಾ ಕೂತ್ರೆ ಮಳೆ ಬತ್ತದೆ."

"ಬಂದ್ರೆ ಬರ್ಲಿ. ನಾಳೆ ಮಾಡುವಾ."

"ನಾಳೆ ಬೇಲೇಕೇರಿಗೆ ಹೋಗೂದದೆ. ನೀ ಹಗ್ಗ ಸರಿ ಹಿಡಿ, ಸಾಕು."

ಮಾಸ್ತಿ ಏಣಿ ಹತ್ತಿ, ಅಲ್ಲಿಂದ ಕಾಂಡ ತಬ್ಬಿ ಕವಲಿಗೆ ಹೋದ. ಹಗ್ಗ ಕಟ್ಟಿದ. ದಪ್ಪ ಕೊಂಬೆಯನ್ನು ಕೊಯ್ಯುವಾಗ ಮೊದಲು ಅಡಿಯಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಗರಗಸ ಹಾಕಬೇಕು. ಇಲ್ಲದಿದ್ದರೆ ಭಾರಕ್ಕೆ ಕೊಂಬೆ ಉದ್ದಕ್ಕೆ ಸಿಗಿಯುತ್ತದೆ. ಅದು ಮಾಸ್ತಿಗೆ ಗೊತ್ತಿಲ್ಲದ್ದಲ್ಲ. ಆದರೆ ಅಡಿಯಿಂದ ಕೊಯ್ಯಬೇಕಾದರೆ ಹೊಟ್ಟೆಯ ಮೇಲೆ ಮಲಗಿ ಕೈ ಕೆಳಗೆ ಚಾಚಬೇಕು, ಹೊತ್ತು ಹಿಡಿಯುತ್ತದೆ. ಕವಲಿನಲ್ಲಿ ಒಂದು ಕಾಲು, ಕೊಂಬೆಯ ಬುಡದ ಮೇಲೆ ಒಂದು ಕಾಲು ಇಟ್ಟು ಅವನು ಮೇಲಿನಿಂದಲೇ ಗರಗಸ ಎಳೆಯತೊಡಗಿದ್ದು ಕೆಳಗಿನಿಂದ ಉಮಾಗೆ ಕಂಡಿತು. ಕೂಗಿ ಹೇಳಬೇಕು ಎನ್ನುವಷ್ಟರಲ್ಲಿ ಗಾಳಿ ಬಂತು.

ಬಟ್ಟೆ ಹರಿದ ಹಾಗೆ ಉದ್ದನೆಯ ಸದ್ದು. ಕೊಂಬೆ ಗರಗಸದ ಗೆರೆಯಲ್ಲಿ ಮುರಿಯದೆ ಬುಡದ ಕಡೆಗೆ ಸಿಗಿದುಕೊಂಡು ಹೋಯಿತು. ಮಾಸ್ತಿಯ ಕಾಲ ಕೆಳಗೇ ಬಿರುಕು ಬಾಯಿ ಬಿಟ್ಟಿತು, ಕಾಲು ಅದರೊಳಗೆ ಇಳಿಯಿತು. ಅಷ್ಟರಲ್ಲಿ ಉಮಾಳ ಹಗ್ಗ ಭಾರ ಹಿಡಿಯಿತು. ಕೆಳಗೆ ಹೋಗುತ್ತಿದ್ದ ಕೊಂಬೆ ಜಗ್ಗಿ ಮೇಲಕ್ಕೆ ಪುಟಿದಾಗ ಬಿರುಕು ಅವನ ಪಾದದ ಗಂಟಿನ ಮೇಲೆ ಮುಚ್ಚಿಕೊಂಡಿತು.

ಗರಗಸ ಹೆಂಚಿಗೆ ಬಡಿದು ನೆಲಕ್ಕೆ ಬಿತ್ತು. ಮಾಸ್ತಿ ಎರಡೂ ಕೈಯಿಂದ ಕಾಂಡ ತಬ್ಬಿಕೊಂಡಿದ್ದ. ಮೊದಲ ಕೂಗಿನ ನಂತರ ಅವನಿಂದ ಸದ್ದು ಬರಲಿಲ್ಲ. ಅದರಿಂದಲೇ ಉಮಾಗೆ ಹೆಚ್ಚು ಹೆದರಿಕೆಯಾದದ್ದು.

ಈಗ ಆ ಕೊಂಬೆ ನಿಂತದ್ದು ಅವಳ ಕೈಯ ಹಗ್ಗದ ಮೇಲೆ. ಹಗ್ಗ ಬಿಟ್ಟರೆ ಕೊಂಬೆ ಬೀಳುತ್ತದೆ, ಬೀಳುವಾಗ ಕವಲನ್ನೂ ಸೀಳಿ ಅವನನ್ನೂ ಎಳೆದುಕೊಂಡು ಬರುತ್ತದೆ. ಜೋರಾಗಿ ಎಳೆದರೆ ಬಿರುಕು ಕಾಲನ್ನು ಇನ್ನೂ ಅರೆಯುತ್ತದೆ. ಅವಳು ಹಗ್ಗವನ್ನು ತೆಂಗಿಗೆ ಇನ್ನೊಂದು ಸುತ್ತು ಸುತ್ತಿ, ಮೈಭಾರ ಹಾಕಿ ನಿಂತಳು. ಗಾಳಿ ಬಂದಾಗೆಲ್ಲ ಹಗ್ಗ ಕಿರುಗುಟ್ಟುತ್ತಿತ್ತು, ಆಗ ಮಾತ್ರ ಮೇಲಿನಿಂದ ಮಾಸ್ತಿಯ ನರಳಾಟ ಕೇಳುತ್ತಿತ್ತು.

ಗುರುಪ್ರಸಾದ ಅಗ್ನಿಶಾಮಕದವರಿಗೆ ಫೋನ್ ಮಾಡಿದ. ಅವರು ಹೆದ್ದಾರಿಗೆ ಬಿದ್ದ ಮರ ತೆಗೆಯುತ್ತಿದ್ದರು, ಈಗಲೇ ಹೊರಡುತ್ತೇವೆ ಎಂದರು.

"ಅವರು ಬರೂವರೆಗೆ ತಡೀತಾನಾ?" ಎಂದ ಗುರುಪ್ರಸಾದ.

ಉಮಾ ಮೇಲೆ ನೋಡಿದಳು. ಮಾಸ್ತಿಯ ತಲೆ ಕಾಂಡಕ್ಕೆ ಒರಗಿ ಒಮ್ಮೊಮ್ಮೆ ಜೋಲುತ್ತಿತ್ತು. ಎಚ್ಚರ ತಪ್ಪಿದರೆ ಕೈ ಬಿಡುತ್ತಾನೆ. ಬಿಟ್ಟರೆ ಮುರಿದ ಕಾಲಿನಿಂದ ತಲೆಕೆಳಗಾಗಿ ತೂಗುತ್ತಾನೆ.

"ಇವರಿಗೆ ಈಗ್ಲೇ ಹಗ್ಗ ಕಟ್ಬೇಕು, ಗುರಣ್ಣ."

"ನಾನು ಹತ್ತುತ್ತೇನೆ."

"ನಿಮ್ಮ ತೂಕ ಆ ಕವಲು ತಡಿಯೂದಿಲ್ಲ. ಅರ್ಧ ಸಿಗಿದದೆ." ಕತ್ತು ಆಡಿಸಿ ಅವನನ್ನು ಹಗ್ಗದ ಹತ್ತಿರ ಕರೆದಳು. "ನೀವು ಇದನ್ನ ಹಿಡೀರಿ. ಎಳೆಯೂದೂ ಬೇಡ, ಬಿಡೂದೂ ಬೇಡ. ಗಾಳಿ ಬಂದಾಗ ಒರಗಿ ನಿಂತ್ಕಳಿ."

ಹಗ್ಗ ಕೈ ಬದಲಾಯಿತು. ಪಕ್ಕದ ಮನೆಯ ರಾಮನಾಥ ಓಡಿ ಬಂದು ಹಿಂದೆ ಹಿಡಿದುಕೊಂಡ. ಉಮಾ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಇನ್ನೊಂದು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದಳು. ಏಣಿ ಮುಗಿದಲ್ಲಿ ಅವಳ ಕಾಲು ನಿಂತುಬಿಟ್ಟಿತು. ಕೆಳಗೆ ನೋಡಬಾರದಿತ್ತು, ನೋಡಿದಳು. ಬಾವಿಯ ಬಾಯಿ ತಟ್ಟೆಯಷ್ಟು ಕಂಡಿತು.

ಕೆಳಗಿನಿಂದ ಗುರುಪ್ರಸಾದನ ದನಿ ಬಂತು. ಎತ್ತರದಲ್ಲಿ ಕೆಲಸ ಮಾಡುವವರಿಗೆ ಕೈಗಾದಲ್ಲಿ ಹೇಳಿಕೊಡುತ್ತಿದ್ದುದನ್ನೇ ಅವನು ಹೇಳುತ್ತಿದ್ದ, ಏರದ ಇಳಿಯದ ದನಿಯಲ್ಲಿ. "ಉಮಾ, ಒಂದು ಸಲಕ್ಕೆ ಒಂದು ಕೈ ಮಾತ್ರ ಬಿಡು, ಇಲ್ಲಾ ಒಂದು ಕಾಲು. ಉಳಿದದ್ದು ಮರದ ಮೇಲೇ ಇರ್ಲಿ. ಗಡಿಬಿಡಿ ಇಲ್ಲ."

ಅವಳು ಒಂದು ಕೈ ಬಿಟ್ಟಳು, ಮೇಲೆ ಹಿಡಿದಳು. ಒಂದು ಕಾಲು. ಮತ್ತೆ ಕೈ. ಕೊಂಬೆ ಸಿಗಿದಾಗ ಚಗಳಿ ಇರುವೆಗಳ ಗೂಡು ಒಡೆದಿತ್ತು. ಅವು ಕುತ್ತಿಗೆಗೆ, ಕಣ್ಣಿನ ರೆಪ್ಪೆಗೆ ಹತ್ತಿ ಕಚ್ಚತೊಡಗಿದವು. ಝಾಡಿಸಲು ಕೈ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹತ್ತಿದಳು.

ಕವಲಿಗೆ ಮುಟ್ಟಿದಾಗ ಮಾಸ್ತಿ ಅವಳನ್ನು ನೋಡಿ, "ನೀ ಎಂತಕೆ ಬಂದೆ? ಇಳಿ," ಎಂದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಮಾಸ್ತಿ, ಸುಮ್ನಿರು," ಎಂದಳು ಉಮಾ. ಇಷ್ಟು ವರ್ಷಗಳಲ್ಲಿ ಅವಳು ಗಂಡನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಕಂಕುಳ ಕೆಳಗೆ ಹಗ್ಗ ಹಾಯಿಸಿ ಕಾಂಡಕ್ಕೆ ಕಟ್ಟಿದಳು. ಗಂಟನ್ನು ಎರಡು ಸಲ ಬಿಚ್ಚಿ ಹಾಕಿದಳು. ತನ್ನ ಸೊಂಟಕ್ಕೂ ಉಳಿದ ತುದಿಯನ್ನು ಬಿಗಿದುಕೊಂಡಳು.

ಆಮೇಲೆ ಕಾಲು ನೋಡಿದಳು. ಬಿರುಕಿನೊಳಗೆ ಪಾದ ತಿರುಚಿಕೊಂಡಿತ್ತು. ರಕ್ತವೂ ಮಾವಿನ ಸೊನೆಯೂ ಒಟ್ಟಿಗೆ ಇಳಿಯುತ್ತಿದ್ದವು.

"ಅಮ್ಮಾ, ಕಟ್ಟಿಗೆ ಒಡೆಯೂ ಬೆಣೆ ಅದ್ಯಾ?" ಎಂದು ಕೂಗಿದಳು.

ಗುರುಪ್ರಸಾದನ ತಾಯಿ ಆಗಲೇ ಕಟ್ಟಿಗೆ ಕೊಟ್ಟಿಗೆಯ ಕಡೆ ಓಡಿದ್ದರು. ಎರಡು ಬೆಣೆ, ಒಂದು ಚಿಕ್ಕ ಕೊಡಲಿ ಕೊಡಪಾನದಲ್ಲಿ ಹಾಕಿ ತಂದರು. ಉಮಾ ಸೊಂಟದ ಗಂಟಿನಾಚೆ ಉಳಿದಿದ್ದ ಹಗ್ಗವನ್ನು ಇಳಿಬಿಟ್ಟು ಕೊಡಪಾನವನ್ನು ಎಳೆದುಕೊಂಡಳು.

ಮೊದಲ ಬೆಣೆಯನ್ನು ಪಾದದ ಹೊರಬದಿಯಲ್ಲಿಟ್ಟು ಕೊಡಲಿಯ ಹಿಂಬದಿಯಿಂದ ಹೊಡೆದಳು. ಬಿರುಕು ಆ ಕಡೆ ತೆರೆಯಿತು, ಈ ಕಡೆ ಒತ್ತಿತು. ಮಾಸ್ತಿ ಕಿರುಚಿದ. ಅದೇ ಹೊತ್ತಿಗೆ ಒಳಗೆಲ್ಲೋ ಒಂದು ನಾರು ಹರಿದು ಕೊಂಬೆ ಗೇಣಷ್ಟು ಕೆಳಗೆ ಕುಸಿಯಿತು. ಕೆಳಗೆ ಗುರುಪ್ರಸಾದನ ಅಂಗೈ ಸುಲಿದುಕೊಂಡು ಹಗ್ಗ ಜಾರಿತು, ತಡೆಯಿತು. ಕವಲು ನಡುಗಿತು. ಉಮಾ ಗಂಡನ ಅಂಗಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಅದು ಅವಳಿಗೆ ಆಮೇಲೆ ತಿಳಿದದ್ದು.

"ಹಿಡಿದಿದ್ದೇನೆ," ಎಂದ ಗುರುಪ್ರಸಾದ. ದನಿ ಈಗ ಮೊದಲಿನಂತಿರಲಿಲ್ಲ.

ಇನ್ನೊಮ್ಮೆ ಹೊಡೆದರೆ ಕೊಂಬೆ ಪೂರ್ತಿ ಹೋಗಬಹುದು. ಹೊಡೆಯದಿದ್ದರೆ ಮುಂದಿನ ಗಾಳಿಗೇ ಹೋಗಬಹುದು. ಅವಳು ಎರಡನೆಯ ಬೆಣೆಯನ್ನು ಪಾದದ ಒಳಬದಿಗೆ ಇಟ್ಟು ಮೆಲ್ಲಗೆ ತಟ್ಟಿದಳು. ಆಮೇಲೆ ಆ ಕಡೆಯದಕ್ಕೆ ಒಂದು, ಈ ಕಡೆಯದಕ್ಕೆ ಒಂದು, ಏಲಕ್ಕಿ ಜಜ್ಜುವಷ್ಟೇ ಮೆತ್ತಗೆ. ಬಿರುಕು ಕೂದಲೆಳೆಯಷ್ಟು ಬಿಡುತ್ತ ಬಂತು. ಕೊನೆಗೆ ಮಾಸ್ತಿಯ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ ಎತ್ತಿದಳು. ಪಾದ ಹೊರಗೆ ಬಂತು. ಅವನು ಎಚ್ಚರ ತಪ್ಪಿ ಹಗ್ಗದ ಮೇಲೆ ಜೋತುಬಿದ್ದ. ಹಗ್ಗ ಹಿಡಿಯಿತು.

ಮಳೆ ಶುರುವಾದದ್ದು ಆಮೇಲೆ. ಅಗ್ನಿಶಾಮಕದವರು ಬಂದು ಇಬ್ಬರನ್ನೂ ಇಳಿಸುವವರೆಗೆ ಉಮಾ ಅವನ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು, ನೀರು ಅವನ ಮೂಗಿಗೆ ಹೋಗದ ಹಾಗೆ ಕೈ ಅಡ್ಡ ಹಿಡಿದು ಕುಳಿತಿದ್ದಳು.

ಕಾರವಾರದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ನಡೆಯಬಹುದು, ಮರ ಹತ್ತುವುದು ಇನ್ನಿಲ್ಲ ಎಂದರು. ನೋಡಲು ಬಂದವರಿಗೆಲ್ಲ ಮಾಸ್ತಿ ಒಂದೇ ಮಾತು ಹೇಳಿದ: "ಮಳೆ ಬಂತು, ಕಾಲು ಜಾರ್ತು." ಉಮಾ ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದಳು. ಮನೆಗೆ ಬಂದ ಮೇಲೂ ಆ ಮಾತು ಇಬ್ಬರ ನಡುವೆ ಹಾಗೇ ಉಳಿಯಿತು. ಮಳೆಗಾಲವೆಲ್ಲ ಅವನು ಜಗುಲಿಯಲ್ಲಿ ಗೋಡೆ ನೋಡುತ್ತ ಕುಳಿತ. ಅವಳು ಬೇರೆಯವರ ಗದ್ದೆಗೆ ನಾಟಿಗೆ ಹೋದಳು.

ದೀಪಾವಳಿ ಕಳೆದ ಮೇಲೆ ಗುರುಪ್ರಸಾದ ಬಂದ. ಆ ಮರ ಕಂಡರೆ ತಾಯಿಗೆ ಹೆದರಿಕೆ, ಬುಡಕ್ಕೇ ಕಡಿಸಿ ಎನ್ನುತ್ತಾರೆ, ನಿಮಗೇನನಿಸುತ್ತದೆ ಎಂದು ಕೇಳಿದ. ಮಾಸ್ತಿ ಮುಖ ತಿರುಗಿಸಿದ. ಉಮಾ, "ಕಡೀಬೇಡಿ, ಗಿಡ್ಡ ಮಾಡುವಾ," ಎಂದಳು.

"ಇಶಾಡದ ತಲೆ ತೆಗೆದ್ರೆ ಮರ ಸಾಯ್ತದೆ," ಎಂದ ಮಾಸ್ತಿ ಗೋಡೆಯ ಕಡೆ ನೋಡುತ್ತಲೇ.

ಅದು ನಿಜವೋ ಅಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಗುರುಪ್ರಸಾದನೇ ತೋಟಗಾರಿಕೆಯವರನ್ನು ಕೇಳಿಕೊಂಡು ಬಂದ. ಒಂದೇ ಸಲ ಬೋಳಿಸಬಾರದು, ಹಣ್ಣು ಮುಗಿದ ಮೇಲೆ ವರ್ಷಕ್ಕೊಂದು ಪಾಲು ತಗ್ಗಿಸಬೇಕು, ಎಲೆಯಿರುವ ಕೊಂಬೆಗಳನ್ನು ಉಳಿಸಬೇಕು, ಕೊಯ್ದಲ್ಲಿ ಮದ್ದು ಹಚ್ಚಬೇಕು ಎಂದರಂತೆ. ಮುಂದಿನ ಮೇ ತಿಂಗಳ ಕೊನೆಯಲ್ಲಿ, ಹಣ್ಣು ಇಳಿದ ಮೇಲೆ, ಉಮಾ ಆ ಮರದ ಬುಡಕ್ಕೆ ಹೋದಳು. ಸೊಂಟಕ್ಕೆ ಗುರುಪ್ರಸಾದ ತರಿಸಿಕೊಟ್ಟ ಸುರಕ್ಷತಾ ಬೆಲ್ಟು. ಮೊದಲ ಮೆಟ್ಟಿಲಲ್ಲೇ ಕಾಲು ನಡುಗಿತು. ನಡುಗುತ್ತಲೇ ಹತ್ತಿ, ನೆತ್ತಿಯ ಒಂದು ಕೊಂಬೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಇಳಿಸಿ, ಆ ದಿನಕ್ಕೆ ಅಷ್ಟೇ ಸಾಕು ಎಂದು ಇಳಿದಳು.

ಮರ ಸಾಯಲಿಲ್ಲ. ಆದರೆ ಮರುವರ್ಷ ಹೂವೂ ಬಿಡಲಿಲ್ಲ. ಕೊಯ್ದಲ್ಲೆಲ್ಲ ಪೊದೆಯಂತೆ ಚಿಗುರು ಎದ್ದಿತು. ಬಂಜೆ ಮಾಡಿಟ್ಟೆ ಎಂದು ಗುರುಪ್ರಸಾದನ ತಾಯಿ ಮುಖ ಸಿಂಡರಿಸಿದರು. ಉಮಾ ಆ ವರ್ಷದ ಪಾಲು ತಗ್ಗಿಸಿ, ಹೆಚ್ಚಿನ ಚಿಗುರು ಕಿತ್ತು, ಗಟ್ಟಿಯಾದವನ್ನು ಮಾತ್ರ ಬಿಟ್ಟು ಬಂದಳು. ಅದರಾಚೆಯ ವರ್ಷ ಹೂ ಬಂತು. ಬುಟ್ಟಿ ತುಂಬುವಷ್ಟೇ ಕಾಯಿ, ಆದರೆ ಎಲ್ಲವೂ ಕೊಕ್ಕೆಗೆ ಎಟುಕುವಲ್ಲಿ. ಅಷ್ಟರಲ್ಲಿ ಬೇರೆ ಮನೆಯವರೂ ಕರೆಯತೊಡಗಿದ್ದರು. ಎಳೆಯ ಗಿಡಗಳಿದ್ದರೆ ಅವಳಿಗೆ ಹೆಚ್ಚು ಖುಷಿ. ಎದೆಯೆತ್ತರಕ್ಕೆ ಬರುವಾಗಲೇ ತುದಿ ಚಿವುಟಿ, "ಇನ್ನು ಇದಕ್ಕೆ ಯಾರೂ ಹತ್ತೂದು ಬೇಡ," ಎನ್ನುತ್ತಿದ್ದಳು.

ಮಾಸ್ತಿ ಮೊದಮೊದಲು ಹೋಗುತ್ತಿರಲಿಲ್ಲ. ಆಮೇಲೆ ಗರಗಸ ಹೊತ್ತುಕೊಳ್ಳುವ ನೆಪದಲ್ಲಿ ಕುಂಟುತ್ತ ಬಂದ. ಬುಡದಲ್ಲಿ ಕುಳಿತು ಹಗ್ಗ ಹಿಡಿಯುತ್ತಿದ್ದ.

ಹೋದ ಬೇಸಿಗೆಯಲ್ಲಿ ಕಾರವಾರದ ಕೋಡಿಬಾಗದ ಒಂದು ಹಿತ್ತಲಿಗೆ ಹೋಗಿದ್ದರು. ದೊಡ್ಡ ಮರ, ಕೆಳಗೆ ಮದುವೆಯ ಚಪ್ಪರ ಹಾಕಬೇಕಿತ್ತು. ಇಡೀ ತಲೆ ಇವತ್ತೇ ಹಾರಿಸಬೇಕು ಎಂದ ಯಜಮಾನ. ಆಗುವುದಿಲ್ಲ ಎಂದಳು ಉಮಾ.

"ಗಂಡಸರು ಹತ್ತಿದ್ರೆ ಮಧ್ಯಾಹ್ನದೊಳಗೆ ಮುಗೀತಿತ್ತು," ಎಂದ ಆತ.

ಮಾಸ್ತಿ ಕಟ್ಟೆಯಿಂದ ಎದ್ದು ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದ. "ನಾನೂ ಮಧ್ಯಾಹ್ನದೊಳಗೆ ಮುಗಿಸುವಾ ಅಂದದ್ದು. ತುಂಡು ಮಾಡಿ ತೆಗೀರಿ ಅಂತ ಇವಳು ಹೇಳಿದ್ದಳು, ಕೇಳ್ಲಿಲ್ಲ. ಅಡಿಯಿಂದ ಕೊಯ್ಲೂ ಇಲ್ಲ. ಆವಾಗ ಮಳೆ ಬಂದಿರ್ಲೇ ಇಲ್ಲ."

ಯಜಮಾನ ಆ ಕಾಲನ್ನೊಮ್ಮೆ, ಮರವನ್ನೊಮ್ಮೆ ನೋಡಿದ. ಚಪ್ಪರವನ್ನು ಅಂಗಳದ ಆ ಬದಿಗೆ ಹಾಕಿಸುತ್ತೇನೆ ಎಂದು ಒಳಗೆ ಹೋದ.

ಉಮಾ ಗಂಡನ ಕಡೆ ನೋಡಲಿಲ್ಲ. ಬೆಲ್ಟನ್ನು ಸೊಂಟಕ್ಕೆ ಸುತ್ತಿಕೊಂಡಳು. ಮಾಸ್ತಿ ಹತ್ತಿರ ಬಂದು ಅದರ ಕೊಂಡಿ ಸಿಕ್ಕಿಸಿ, ಎಳೆದು ನೋಡಿದ.

"ಯಾವ ಕೊಂಬೆ ಮೊದ್ಲು?" ಎಂದು ಕೇಳಿದ.

ಅವಳು ಮರದ ಸುತ್ತ ಒಂದು ಸುತ್ತು ಬಂದು, ಮನೆಯ ಕಡೆ ವಾಲಿದ್ದನ್ನು ಕೈಯಿಂದ ತೋರಿಸಿ ಏಣಿ ಹತ್ತಿದಳು.