ತಳ ಮುಟ್ಟಿದವಳು

ಹೆಣ್ಣುಮಕ್ಕಳು ಸೀಟಿ ಊದಬಾರದು, ಊದಿದರೆ ಮನೆಗೆ ದರಿದ್ರ ಅಂಟಿಕೊಳ್ಳುತ್ತದೆ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಅದು ನಿಜವಾಗಿದ್ದರೆ ಪೂನಮ್ ಟೀಚರ ಮನೆ ಎಂದೋ ನೆಲಸಮವಾಗಬೇಕಿತ್ತು. ಸೀಟಿ ಊದಿಯೇ ಅವಳ ಹೊಟ್ಟೆ ತುಂಬುವುದು. ಮನೆಗೇನೂ ಆಗಿಲ್ಲ, ಹೋದ ವರ್ಷ ಮೇಲೊಂದು ಅಂತಸ್ತು ಎದ್ದಿದೆ.

ನಾನು ನಿರುಪಮಾ. ಅಮ್ಮಿನಬಾವಿಯ ಆಚೆಗಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪೂನಮ್ ಅಲ್ಲಿಯ ದೈಹಿಕ ಶಿಕ್ಷಕಿ. ಧಾರವಾಡದಿಂದ ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತೇವೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಅವಳಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ಮಾತ್ರ ಕೆಲಸ ಮುಗಿಸಿಯೇ ಹೋಗುವುದು.

ಅವಳು ವಾಟರ್ ಪೋಲೊ ರೆಫರಿ ಎಂದು ಮೊದಲ ಸಲ ಕೇಳಿದಾಗ ನಮ್ಮ ಮುಖ್ಯೋಪಾಧ್ಯಾಯರು, "ಏನ್ರಿ ಮೇಡಂ, ನೀರಾಗ ಕುದುರಿ ಈಸ್ತಾವೇನ್ರಿ?" ಎಂದಿದ್ದರು. ಕುದುರೆ ಇಲ್ಲ. ಈ ಕಡೆ ಏಳು ಜನ, ಆ ಕಡೆ ಏಳು ಜನ, ನಡುವೆ ಒಂದು ಹಳದಿ ಚೆಂಡು, ಎರಡು ತುದಿಗೆ ಎರಡು ಗೋಲು. ಈಜುತ್ತಲೇ ಆಡಬೇಕು, ಈಜುತ್ತಲೇ ಜಗಳಾಡಬೇಕು. ಕಾಲು ಸೋತಿತೆಂದು ಕೊಳದ ತಳ ಮುಟ್ಟಿ ನಿಲ್ಲುವಂತಿಲ್ಲ, ಮುಟ್ಟಿದರೆ ತಪ್ಪು. ಗೋಲ್‌ಕೀಪರ್ ಒಬ್ಬನಿಗೆ ಮಾತ್ರ ತನ್ನ ಗೋಲಿನ ಹತ್ತಿರ ಆ ರಿಯಾಯಿತಿ. ರೆಫರಿ ಬಿಳಿ ಬಟ್ಟೆ ಹಾಕಿಕೊಂಡು ದಂಡೆಯ ಮೇಲೆ ಚೆಂಡಿನ ಜೊತೆ ಓಡಾಡುತ್ತ ಸೀಟಿ ಊದುತ್ತಾಳೆ.

ಈ ನಿಯಮವನ್ನು ಪೂನಮ್ ಒಮ್ಮೆ ತನ್ನ ಅಜ್ಜಿಗೆ ವಿವರಿಸುತ್ತಿದ್ದಾಗ ನಾನೂ ಅಲ್ಲಿದ್ದೆ. ಅಜ್ಜಿಯ ಹೆಸರು ಸಾವಕ್ಕ. ಪೂನಮ್ ಅವರನ್ನು ಆಯಿ ಎನ್ನುತ್ತಾಳೆ, ಹಾಗಾಗಿ ನಾನೂ ಹಾಗೆಯೇ ಕರೆಯುತ್ತೇನೆ. ಸಾವಕ್ಕ ಎಲ್ಲವನ್ನೂ ಕೇಳಿ ಬಾಯಿ ತುಂಬ ನಕ್ಕರು.

"ಛಲೋ ಆತು ಬಿಡು. ನಮಗ ಮ್ಯಾಲಿನ ನೀರ ಮುಟ್ಟಬ್ಯಾಡ ಅಂತಿದ್ರು. ಇವರಿಗೆ ತಳ ಮುಟ್ಟಬ್ಯಾಡ ಅಂತಾರೇನು?"

ಅದು ತಮಾಷೆಯ ಮಾತಲ್ಲ. ಮದುವೆಯಾಗಿ ಬಂದ ಊರಿನ ಕೆರೆಗೆ ಸಾವಕ್ಕ ಕೊಡ ಹಿಡಿದು ಹೋಗುತ್ತಿದ್ದರು, ಆದರೆ ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಪಕ್ಕಕ್ಕೆ ನಿಂತು, "ಎಪ್ಪಾ, ಒಂದು ಕೊಡ ಹಾಕ್ರಿ" ಎಂದು ಬೇಡಬೇಕು. ಯಾರಾದರೂ ಪುಣ್ಯಾತ್ಮರು ಮೇಲಿನಿಂದ ಸುರಿದರೆ ಆವತ್ತು ಮನೆಯಲ್ಲಿ ಅಡುಗೆ. ಅವರ ಮಗ ಹನುಮಪ್ಪ ಓದಿ ಮಾಸ್ತರರಾದರು, ಬುದ್ಧನ ಫೋಟೋ ಮನೆಗೆ ತಂದರು, ತಮ್ಮ ಮಗಳಿಗೆ ಏಳು ತುಂಬಿದಾಗ ಅವಳ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಅದೇ ಕೆರೆಗೆ ಕರೆದುಕೊಂಡು ಹೋದರು. ದಂಡೆಯ ಮೇಲೆ ನಾಲ್ಕು ಜನ ಹುಬ್ಬು ಗಂಟಿಕ್ಕಿ ನಿಂತಿದ್ದರಂತೆ. ಮಾಸ್ತರರು ಅವರಿಗೆ ಕೇಳುವ ಹಾಗೆಯೇ ಹೇಳಿದರಂತೆ:

"ನಿಮ್ಮ ಆಯಿಗೆ ಈ ನೀರ ಮ್ಯಾಲಿಂದ ಸುರುವುತಿದ್ರು. ನೀ ಪೂರಾ ಮುಳುಗಿ ಏಳು."

ಪೂನಮ್ ಮುಳುಗಿ ಎದ್ದಳು. ಎದ್ದವಳು ಮತ್ತೆ ದಂಡೆಗೆ ಬರಲು ಒಪ್ಪದೆ ಸಂಜೆಯವರೆಗೂ ಅಪ್ಪನನ್ನು ಗೋಳುಹೊಯ್ದುಕೊಂಡಳು.

ಧಾರವಾಡದಲ್ಲಿ ಕಾಲೇಜಿಗೆ ಸೇರಿದಾಗ ಹುಡುಗಿಯರ ವಾಟರ್ ಪೋಲೊ ತಂಡವೇ ಇರಲಿಲ್ಲ. ಹುಡುಗರಿಗೆ ಅಭ್ಯಾಸಕ್ಕೊಬ್ಬ ಗೋಲ್‌ಕೀಪರ್ ಬೇಕಾಗಿತ್ತು, ಮುಖಕ್ಕೆ ಚೆಂಡು ಬಡಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಇವಳು ನಿಂತಳು. ಒಬ್ಬ ನೀರಿನೊಳಗಿಂದ ಅವಳ ಕಾಲು ಹಿಡಿದೆಳೆದು ಮುಳುಗಿಸಿದ. ರೆಫರಿಗೆ ಕಾಣಲಿಲ್ಲ. "ಕಾಣಸಲಿಲ್ಲ ಅಂತಲ್ಲರೀ ಟೀಚರ್, ನೋಡಲಿಲ್ಲ ಅಂವಾ" ಎಂದು ಈಗಲೂ ಹೇಳುತ್ತಾಳೆ. ನೋಡುವ ರೆಫರಿಯೊಬ್ಬರು ಇರಲಿ ಎಂದು ತಾನೇ ಪರೀಕ್ಷೆ ಕಟ್ಟಿದಳು. ಜಿಲ್ಲೆ, ರಾಜ್ಯ, ದೇಶ ಎಲ್ಲ ದಾಟಿ ಏಷ್ಯಾದ ಪರೀಕ್ಷೆಯನ್ನೂ ಪಾಸು ಮಾಡಿದಳು. ಆದರೆ ಗಂಡಸರ ಅಂತರರಾಷ್ಟ್ರೀಯ ಪಂದ್ಯವೊಂದನ್ನು ನಡೆಸಲು ಅವಳನ್ನು ಯಾರೂ ಕರೆದಿರಲಿಲ್ಲ. ಅಂಥದೊಂದು ಪಂದ್ಯ ನಡೆಸದವರ ಹೆಸರು ಹೊರದೇಶದ ಟೂರ್ನಿಗಳಿಗೆ ಹೋಗುವುದೂ ಇಲ್ಲ.

ಹೋದ ಚಳಿಗಾಲದಲ್ಲಿ ಆ ಪಂದ್ಯ ತಾನಾಗಿಯೇ ಹುಬ್ಬಳ್ಳಿಗೆ ಬಂತು. ಗೋಕುಲ ರಸ್ತೆಯ ಆಚೆ ಹೊಸದಾಗಿ ಕಟ್ಟಿದ ಈಜುಕೊಳದಲ್ಲಿ ಆರು ದೇಶಗಳ ಗಂಡಸರ ವಾಟರ್ ಪೋಲೊ ಟೂರ್ನಿ. ಉದ್ಘಾಟನೆಯ ಪಂದ್ಯ ಥಾಯ್ಲೆಂಡ್ ಮತ್ತು ಶ್ರೀಲಂಕಾ ನಡುವೆ. ಇಬ್ಬರು ರೆಫರಿಗಳಲ್ಲಿ ಒಬ್ಬರು ಕಜಾಕಸ್ತಾನದವರು, ಇನ್ನೊಬ್ಬಳು ಪೂನಮ್. ಏಷ್ಯಾದ ಸಂಸ್ಥೆಯಿಂದ ರೆಫರಿಗಳನ್ನು ತೂಗಿ ನೋಡಲೆಂದೇ ಒಬ್ಬರು ಬಂದು ಕೂರುವವರಿದ್ದರು. ಈ ಒಂದು ಪಂದ್ಯ ಸುಸೂತ್ರವಾದರೆ ಅವಳಿಗೆ ಬಾಗಿಲು ತೆರೆಯುತ್ತಿತ್ತು. ತಪ್ಪಿದರೆ ಇನ್ನೊಂದು ಸಿಗುವ ಭರವಸೆ ಇರಲಿಲ್ಲ.

ಸಂಘಟನಾ ಸಮಿತಿಯ ಕಾರ್ಯದರ್ಶಿ ಏಕನಾಥ. ನನ್ನ ಸೋದರತ್ತೆಯ ಮಗ ಅವನು, ಆದ್ದರಿಂದ ಬೈಯುವ ಹಕ್ಕು ನನಗಿದೆ. ಟೂರ್ನಿಗೆ ಮುಂಚೆ ಪೂನಮ್‌ಳನ್ನು ಕರೆಸಿ, ಜೇನು ಸವರಿದ ದನಿಯಲ್ಲಿ ಹೇಳಿದ:

"ಮೇಡಂ, ಗಂಡಸರ ಆಟ ಅದ. ಅವರು ಸಣ್ಣ ಚಡ್ಡಿ ಹಾಕ್ಕೊಂಡಿರ್ತಾರ. ನೀವು ದಂಡಿ ಮ್ಯಾಲೆ ಓಡ್ಯಾಡೋದು ನೋಡ್ಲಿಕ್ಕೆ ಛಂದ ಕಾಣಂಗಿಲ್ಲ. ಬಹುಮಾನದ ತಾಟು ಹಿಡೀರಿ, ಫೋಟೋದಾಗೂ ಬರ್ತೀರಿ."

"ಚಡ್ಡಿ ಹಾಕ್ಕೊಂಡವರಿಗೇ ನಾಚಿಕಿ ಇಲ್ಲ, ನಿಮಗ್ಯಾಕ್ರಿ ಸರ್?" ಎಂದಳು ಪೂನಮ್. "ನನಗ ಸೀಟಿ ಊದೂ ಕೆಲಸ ಐತ್ರಿ."

ಅವನು ತಾಟಿನ ಮಾತು ಬಿಟ್ಟ. ಆದರೆ ತಲೆ ಓಡುವುದು ನಿಲ್ಲಲಿಲ್ಲ. ಆಣೆಕಟ್ಟು ತುಂಬಿದಾಗ ದೊಡ್ಡವರು ಬಾಗಿನ ಬಿಡುವುದನ್ನು ಟಿವಿಯಲ್ಲಿ ನೋಡಿದ್ದನಲ್ಲ, ಈಜುಕೊಳಕ್ಕೂ ಬಾಗಿನ ಅರ್ಪಿಸಬೇಕೆಂದು ಹೊರಟ. ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರು ನಮ್ಮದು. ಕೊಳಕ್ಕೆ ನೀರು ಬಂದದ್ದು ಟ್ಯಾಂಕರುಗಳಲ್ಲಿ. ಟ್ಯಾಂಕರಿನಲ್ಲಿ ಬಂದರೂ ಗಂಗಮ್ಮ ಗಂಗಮ್ಮನೇ ಎಂದು ವಾದಿಸಿದ. ಬಾಗಿನದ ಮೊರ ಹಿಡಿಯಲು ಐದು ಜನ ಮುತ್ತೈದೆಯರನ್ನು ಊರೆಲ್ಲ ಹುಡುಕಿದ. ಬಹುಮಾನದ ತಾಟಿಗೆ ಪೂನಮ್ ನೆನಪಾಗಿದ್ದಳು. ಅವಳೂ ಗಂಡನಿರುವ ಮುತ್ತೈದೆಯೇ, ಕಣ್ಣೆದುರಿಗೇ ಇದ್ದಳು, ಬಾಗಿನಕ್ಕೆ ಮಾತ್ರ ನೆನಪಾಗಲಿಲ್ಲ. ಯಾಕೆಂದು ಬಿಡಿಸಿ ಹೇಳಬೇಕೆ?

ಪೂನಮ್ ಅವನಿಗೆ ಒಂದೇ ಮಾತು ಹೇಳಿದ್ದಳು. "ಬಾಗಿನ ದಂಡಿ ಮ್ಯಾಲೆ ಇಟ್ಟು ಪೂಜಿ ಮಾಡ್ರಿ ಸರ್. ನೀರಾಗ ಬಿಡಬ್ಯಾಡ್ರಿ."

"ಹಂಗೇ ಆಗ್ಲಿ" ಎಂದಿದ್ದ.

ಉದ್ಘಾಟನೆಯ ದಿನ ನಾನು ಸಾವಕ್ಕನನ್ನು ಕರೆದುಕೊಂಡು ಹೋಗಿ ದಂಡೆಗೆ ಹತ್ತಿರವಾದ ಮೆಟ್ಟಿಲ ಮೇಲೆ ಕೂತಿದ್ದೆ. ಮುಖ್ಯ ಅತಿಥಿಗಳು ಬಂದರು. ಭಟ್ಟರು ಮಂತ್ರ ಹೇಳಿದರು. ಫೋಟೋ ತೆಗೆಯುವವರು, "ಬಿಡ್ರಿ ಮೇಡಂ, ಬಿಡ್ರಿ, ಈ ಕಡೆ ನೋಡಿ ಬಿಡ್ರಿ" ಎಂದು ಕೂಗಿದರು. ಮುತ್ತೈದೆಯರು ಕೊಳದ ತುದಿಯಲ್ಲಿ, ಸರಿಯಾಗಿ ಗೋಲಿನ ಮುಂದೆ, ಮೊರಗಳನ್ನು ನೀರಿಗೆ ಬಿಟ್ಟೇಬಿಟ್ಟರು. ಒಂದೊಂದೇ ಮೊರ ವಾಲಿತು. ಅಕ್ಕಿ, ಬೇಳೆ, ಅರಿಷಿಣ, ಕುಂಕುಮ ಎಲ್ಲ ಹರಡಿಕೊಂಡವು. ತೆಂಗಿನಕಾಯಿ ತೇಲಿದವು. ಗಾಜಿನ ಹಸಿರು ಬಳೆಗಳು, ಕೆಲವು ದಂಡೆಗೆ ಬಡಿದು ಒಡೆದು, ಮಿಣುಕುತ್ತ ತಳಕ್ಕೆ ಇಳಿದವು.

ತೇಲಿದ್ದನ್ನು ಕೊಳದ ಕೆಲಸಗಾರರು ಜಾಳಿಗೆಯಿಂದ ಎತ್ತಿದರು. ಬಳೆ ತೆಗೆಯಲು ಒಬ್ಬ ಅಂಗಿ ಬಿಚ್ಚಿದಾಗ ಏಕನಾಥ ಅಡ್ಡ ಬಂದ. ಗಂಗಮ್ಮನಿಗೆ ಕೊಟ್ಟ ಬಳೆ ಹಿಂದಕ್ಕೆ ತೆಗೆದರೆ ಅಪಶಕುನ. ಮೇಲಾಗಿ ಮುಖ್ಯ ಅತಿಥಿಗಳಿಗೆ ವಿಮಾನದ ಹೊತ್ತಾಗುತ್ತಿದೆ.

"ಸುರು ಮಾಡ್ರಿ ಮೇಡಂ" ಎಂದ.

"ತಳದಾಗ ಗಾಜು ಐತ್ರಿ. ತೆಗಿಯೂತನಕ ನಾ ಸೀಟಿ ಊದಂಗಿಲ್ಲ."

"ಆಟಗಾರರು ತಳ ಮುಟ್ಟೋ ಹಂಗೇ ಇಲ್ಲ ಅಂತ ನೀವೇ ಹೇಳೀರಲ್ಲ! ಬಳಿ ಇದ್ರ ಏನಾತು?"

"ಗೋಲ್‌ಕೀಪರ್ ಮುಟ್ಟಬಹುದ್ರಿ. ಅವನ ಕಾಲಿಗೆ ಚುಚ್ಚಿದ್ರ ನೀವು ಬರ್ತೀರೇನು ಗೋಲಿಗೆ ನಿಲ್ಲಾಕ?"

ಮೆಟ್ಟಿಲ ಮೇಲಿದ್ದವರು ನಕ್ಕರು. ಏಕನಾಥನ ಮುಖ ಕೆಂಪಾಯಿತು. "ಹಂಗಿದ್ರ ಬ್ಯಾರೆ ರೆಫರಿನ್ನ ನಿಲ್ಲಸ್ತೇವಿ. ನೀವು ಕೂಡ್ರಿ ಹೋಗ್ರಿ" ಎಂದ. ತೂಗಿ ನೋಡಲು ಬಂದಿದ್ದ ಆ ಮನುಷ್ಯ ದೂರದ ಮೇಜಿನಿಂದ ಕತ್ತು ಚಾಚಿ ನೋಡುತ್ತಿದ್ದರು. ಅವರಿಗೆ ಭಾಷೆ ತಿಳಿಯದು. ಕಂಡದ್ದು ಇಷ್ಟೇ, ಪಂದ್ಯ ತಡವಾಗುತ್ತಿದೆ, ಈ ಹೆಂಗಸು ಜಗಳಾಡುತ್ತಿದ್ದಾಳೆ. ಇಷ್ಟು ವರ್ಷ ಕಾದ ಪಂದ್ಯ ಒಂದು ಹಿಡಿ ಬಳೆಯ ಮೇಲೆ ಹೋಯಿತಲ್ಲ ಎನಿಸಿತು.

ಪೂನಮ್ ಬೂಟು ಬಿಚ್ಚಿದಳು.

"ಏ ಏ, ಏನ್ ಮಾಡ್ತೀರಿ? ಪೂಜಿ ಆದ ನೀರದು! ನೀವು ಮುಟ್ಟಬಾರದು!" ಎಂದು ಏಕನಾಥ ಚೀರಿದ.

ಥಾಯ್ಲೆಂಡಿನವರು ಮುಟ್ಟಬಹುದು. ಶ್ರೀಲಂಕಾದವರು ಮುಟ್ಟಬಹುದು. ಇಷ್ಟು ಹೊತ್ತು ಜಾಳಿಗೆ ಆಡಿಸಿದವರು ಮುಟ್ಟಬಹುದು. ಇವಳು ಮುಟ್ಟಬಾರದು. ನಾನು ಎದ್ದು ನಿಂತು ಅವನಿಗೆ ಮರ್ಯಾದೆ ಬಿಟ್ಟು ಬೈಯಬೇಕೆಂದು ಬಾಯಿ ತೆರೆದೆ. ಸಾವಕ್ಕ ನನ್ನ ಸೆರಗು ಜಗ್ಗಿ ಕೂರಿಸಿದರು.

"ಸುಮ್ಕಿರವಾ. ಅಕಿಗೆ ಈಸಾಕ ಬರತೈತಿ."

ಪೂನಮ್ ಏಕನಾಥನ ಕಡೆ ತಿರುಗಿದಳು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇನ್ನೊಮ್ಮೆ ಅನ್ರಿ ಸರ್. ಎಲ್ಲಾರಿಗೂ ಕೇಳೂ ಹಂಗ ಅನ್ರಿ."

ಅವನು ಭಟ್ಟರ ಹಿಂದಕ್ಕೆ ಸರಿದ. ಅವಳು ಬಿಳಿ ಬಟ್ಟೆಯಲ್ಲೇ ನೀರಿಗೆ ಹಾರಿದಳು.

ಒಂದು ಸಲ ಮುಳುಗಿ ಎದ್ದು ಬಳೆಗಳನ್ನು ದಂಡೆಗಿಟ್ಟಳು. ಮತ್ತೆ ಮುಳುಗಿದಳು. ಒಡೆದದ್ದರ ಚೂರುಗಳನ್ನು ಕೈಯಿಂದ ಸವರಿ ಸವರಿ ತೆಗೆದಳು. ಮೂರನೆಯ ಸಲ ಮುಳುಗಿದಾಗ ಕಜಾಕಸ್ತಾನದ ರೆಫರಿ ದಂಡೆಯ ಮೇಲೆ ಮಂಡಿಯೂರಿ ಕೂತು ಅವಳ ಕೈಯಿಂದ ಚೂರು ಇಸಿದುಕೊಳ್ಳತೊಡಗಿದರು. ಶ್ರೀಲಂಕಾದ ಗೋಲ್‌ಕೀಪರ್ ಚಪ್ಪಾಳೆ ತಟ್ಟಿದ. ಪಾಪ, ಕಾಲು ಅವನದಲ್ಲವೆ!

ಅವಳು ಮೇಲೆ ಬಂದಾಗ ಅರಿಷಿಣ ಕುಂಕುಮದ ನೀರಿಗೆ ಬಿಳಿ ಬಟ್ಟೆ ಕಲೆಕಲೆಯಾಗಿತ್ತು. ಏಕನಾಥ ಕೊನೆಯ ಪ್ರಯತ್ನ ಮಾಡಿದ. "ನಿಮ್ಮ ಬಟ್ಟಿ ಎಲ್ಲಾ ತೊಯ್ದಾವ ಮೇಡಂ. ಈ ಅವತಾರದಾಗ ಹೆಂಗ..."

"ಇದು ನೀರಿನ ಆಟರೀ ಸರ್. ತೊಯ್ಯಲಾರದವರು ದಂಡಿ ಬಿಟ್ಟು ಆ ಕಡೆ ಸರೀರಿ."

ವಾಟರ್ ಪೋಲೊದ ಸೀಟಿಯೊಳಗೆ ಬೇರೆ ಸೀಟಿಗಳಲ್ಲಿರುವ ಉರುಳುವ ಗುಂಡು ಇರುವುದಿಲ್ಲ, ಅದಕ್ಕೇ ತೊಯ್ದರೂ ಕೂಗುತ್ತದೆ. ಅವಳು ಊದಿದಳು. ಚಾವಣಿಗೆ ಬಡಿದು ಬಂತು ಆ ದನಿ. ಎರಡೂ ಕಡೆಯವರು ಚೆಂಡಿಗೆ ನುಗ್ಗಿದರು, ಪಂದ್ಯ ಶುರುವಾಯಿತು.

ಅದನ್ನು ಅವಳು ಹೇಗೆ ನಡೆಸಿದಳೆಂದು ಹೇಳುವಷ್ಟು ಆಟ ನನಗೆ ಗೊತ್ತಿಲ್ಲ. ಒಂದು ಮಾತ್ರ ತಿಳಿಯಿತು. ತೀರಾ ಎತ್ತರದ ಆಟಗಾರನೊಬ್ಬ ತಳಕ್ಕೆ ಕಾಲು ಕೊಟ್ಟು ಮೇಲಕ್ಕೆ ಚಿಮ್ಮಿದ. ಸೀಟಿ ಬಿತ್ತು. ಅವನು ಎರಡೂ ಕೈ ಎತ್ತಿ ರೇಗಾಡಿದ. ಪೂನಮ್ ಅಲುಗಲಿಲ್ಲ, ತೊಯ್ದ ತೋಳು ಚಾಚಿ ಚೆಂಡು ಆಚೆಯವರಿಗೆ ಕೊಡಿಸಿದಳು. ಸಾವಕ್ಕ ತೊಡೆ ತಟ್ಟಿಕೊಂಡರು. "ತಳ ಮುಟ್ಯಾನವಾ ಅಂವಾ, ನಾನೂ ನೋಡೀನಿ!"

ಪಂದ್ಯ ಮುಗಿದ ಮೇಲೆ ಏಷ್ಯಾದ ಸಂಸ್ಥೆಯವರು ಅವಳ ಕೈ ಕುಲುಕಿ ಏನೋ ಹೇಳಿದರು. ಮಾರ್ಚ್ ತಿಂಗಳಲ್ಲಿ ಅವಳು ಬ್ಯಾಂಕಾಕಿಗೆ ಹೋಗಿಬಂದದ್ದು ಆ ಮಾತಿನಿಂದಲೇ.

ಆದರೆ ನನಗೆ ನೆನಪಿರುವುದು ಬೇರೆ. ದಂಡೆಯಿಂದ ಎತ್ತಿಟ್ಟ ಹಸಿರು ಬಳೆಗಳು ಮೇಜಿನ ಮೇಲೆ ಹಾಗೆಯೇ ಇದ್ದವು. ಅವನ್ನು ಏನು ಮಾಡಬೇಕೆಂದು ಏಕನಾಥ ಭಟ್ಟರನ್ನು ಕೇಳುತ್ತಿದ್ದ. ನೀರಿಗೆ ಮತ್ತೆ ಬಿಡುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಸಾವಕ್ಕ ನನ್ನ ತೋಳು ಹಿಡಿದು ಮೆಟ್ಟಿಲಿಳಿದು ಅಲ್ಲಿಗೆ ಬಂದರು. ಗಂಡ ಸತ್ತ ದಿನದಿಂದ ಅವರ ಕೈ ಬರಿದು. ಮಗ ಎಷ್ಟು ಹೇಳಿದರೂ, ಊರಿನವರ ಬಾಯಿಗೆ ಅಂಜಿ ಬಳೆ ತೊಟ್ಟಿರಲಿಲ್ಲ. ಈಗ ಒಂದೊಂದೇ ಬಳೆ ಎತ್ತಿ, ಒರೆಸಿ, ಕೈಗೆ ಏರಿಸತೊಡಗಿದರು.

"ಅಜ್ಜಿ, ಅದು..." ಎಂದು ಏಕನಾಥ ತೊದಲಿದ. "ನೀವು ಅದನ್ನ..."

ಸಾವಕ್ಕ ಕತ್ತೆತ್ತಿ ಅವನನ್ನು ನೋಡಿದರು. "ಯಾಕಪಾ? ಇದನ್ನೂ ಮುಟ್ಟಬಾರದೇನು? ಗಂಗವ್ವಗ ಬೇಕಾಗಿದ್ರ ನನ್ನ ಮೊಮ್ಮಗಳ ಕೈಯಾಗ ಯಾಕ ಕೊಡತಿದ್ಲು?"

ಹಾಗೆನ್ನುತ್ತಲೇ ಇನ್ನೊಂದು ಕೈಗೂ ಏರಿಸಿಕೊಂಡರು. ಧಾರವಾಡದ ಬಸ್ಸಿನಲ್ಲಿ ನಮಗೆ ಸೀಟು ಸಿಗಲಿಲ್ಲ. ನಿಂತುಕೊಂಡೇ ಬಂದೆವು, ಸಾವಕ್ಕ ಮೇಲಿನ ಕಂಬಿಗೆ ಎರಡೂ ಕೈ ಹಾಕಿ ದಾರಿಯುದ್ದಕ್ಕೂ ಬಳೆ ಗಲಗಲ ಎನಿಸಿದರು.